ಮಿಂಚಂಚೆಯ ಕಾಗದ ಇರುವುದೆಲ್ಲಿ?

ಕಾಲೇಜಿನ ವಿದ್ಯಾರ್ಥಿಯೊಬ್ಬನನ್ನು ಕರೆದು, "ನಿನಗೆ ಬಂದ ಮಿಂಚಂಚೆಯ ಕಾಗದಗಳು ಎಲ್ಲಿವೆ?" ಎಂದು ಕೇಳಿದರೆ ಅವನು ತನ್ನ ಗಣಕಯಂತ್ರದ ಪರದೆಯನ್ನು ತೋರಿಸುತ್ತಾನೆ. ಆ ಉತ್ತರ ಬಹುಮಟ್ಟಿಗೆ ತಪ್ಪು. ಬ್ರೌಸರಿನಲ್ಲಿ ಜಾಲಪುಟವನ್ನು ತೆರೆದು ಅಂಚೆ ಓದುವವನು ಕಾಣುವುದು, ಎಷ್ಟೋ ದೂರದಲ್ಲಿ ಸರ್ವರ್ ಎಂಬ ಯಂತ್ರದೊಳಗೆ ಇರುವ ಕಾಗದದ ಪ್ರತಿಬಿಂಬವನ್ನು. ಪುಟವನ್ನು ಮುಚ್ಚಿದೊಡನೆ ಆ ಪ್ರತಿಬಿಂಬವೂ ಅಳಿಸಿಹೋಗುತ್ತದೆ. ಜಾಲದ ಸಂಪರ್ಕ ಕಡಿದ ದಿನ ಅದೇ ವಿದ್ಯಾರ್ಥಿಗೆ ಹೋದ ವರ್ಷದ ಪ್ರವೇಶಪತ್ರವೂ ಸಿಕ್ಕದು, ನಿನ್ನೆ ಗೆಳೆಯ ಬರೆದ ಎರಡು ಸಾಲೂ ಸಿಕ್ಕದು.

ಹಾಗಾದರೆ ಆ ಕಾಗದಗಳನ್ನು ನಮ್ಮ ಮೇಜಿನ ಮೇಲಿನ ಗಣಕಕ್ಕೇ ತರಿಸಿಕೊಳ್ಳಲು ಬಾರದೆ? ಬರುತ್ತದೆ. ಥಂಡರ್‌ಬರ್ಡ್, ಔಟ್‌ಲುಕ್ ಮುಂತಾದ ಅಂಚೆ ತಂತ್ರಾಂಶಗಳು ಇರುವುದೇ ಈ ಕೆಲಸಕ್ಕಾಗಿ. ಅವುಗಳಲ್ಲೊಂದನ್ನು ಗಣಕದಲ್ಲಿ ಸ್ಥಾಪಿಸಿ, ಜಿಮೇಲ್‌ನಂಥ ಜಾಲದ ಅಂಚೆಯ ಖಾತೆಯನ್ನು ಅದಕ್ಕೆ ಜೋಡಿಸಲು ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷಗಳ ನಡುವೆ ತಂತ್ರಾಂಶವು ಒಂದು ಸಣ್ಣ ಪ್ರಶ್ನೆ ಕೇಳುತ್ತದೆ. ಎರಡು ಗುಂಡಿಗಳ ಪೈಕಿ ಒಂದನ್ನು ಒತ್ತಬೇಕು. ಯಾವುದನ್ನು ಒತ್ತಿದರೂ ಅಂಚೆ ಬರುತ್ತದೆ. ಆದುದರಿಂದ ಹೆಚ್ಚಿನವರು ಯೋಚಿಸದೆ ಒತ್ತುತ್ತಾರೆ. ನಾನೂ ಒಮ್ಮೆ ಹಾಗೆಯೇ ಒತ್ತಿದೆ. ಅದರಿಂದ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಆ ಪ್ರಶ್ನೆಯ ಅರ್ಥವೇನೆಂಬುದನ್ನು ತಿಳಿಯೋಣ.

ಈಗಿನ ವಿದ್ಯಾರ್ಥಿಗಳಿಗೆ ಜಾಲಪುಟದ ಅಂಚೆಯೇ ಮೂಲವೆಂದೂ, ಗಣಕದಲ್ಲಿ ಸ್ಥಾಪಿಸುವ ತಂತ್ರಾಂಶ ಆಮೇಲೆ ಬಂದ ಅಲಂಕಾರವೆಂದೂ ತೋರುವುದು ಸಹಜ. ಚರಿತ್ರೆ ಇದಕ್ಕೆ ವಿರುದ್ಧವಾಗಿದೆ. 1971ರ ಕೊನೆಯ ಭಾಗದಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರನು ಒಂದು ಗಣಕದಿಂದ ಮತ್ತೊಂದು ಗಣಕಕ್ಕೆ ಅರ್ಪಾನೆಟ್ ಜಾಲದ ಮೂಲಕ ಕಾಗದ ಕಳುಹಿಸಿದನು. ಆ ಎರಡು ಯಂತ್ರಗಳೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲಿ ನಿಂತಿದ್ದವು. ಅವುಗಳ ನಡುವೆ ಇದ್ದ ಸಂಬಂಧವೆಂದರೆ ಜಾಲದ ತಂತಿಯೊಂದೇ. ಬಳಕೆದಾರನ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವನು ಆರಿಸಿದ ಸುರುಳಿ ಚಿಹ್ನೆ, ಯಾರ ಹೆಸರಿನಲ್ಲೂ ಬರುವಂಥದಲ್ಲವೆಂಬ ಕಾರಣಕ್ಕೆ ಆರಿಸಿದ್ದು, ಇಂದಿಗೂ ನಮ್ಮೆಲ್ಲರ ವಿಳಾಸದ ನಡುವೆ ಕುಳಿತಿದೆ. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಭಾಗಿಯಾಗಿತ್ತು. ಜಾಲಪುಟ ಎಂಬುದೇ ಇಲ್ಲದ ಕಾಲ ಅದು. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಟೀವ್ ಡಾರ್ನರ್ ಬರೆದ ಯೂಡೋರ ಎಂಬ ಅಂಚೆ ತಂತ್ರಾಂಶ ಬಹಳ ಪ್ರಸಿದ್ಧವಾಯಿತು. ಅಂಚೆ ಕಚೇರಿಯಲ್ಲೇ ವಾಸಮಾಡುವ ಹೆಂಗಸಿನ ಕಥೆ ಬರೆದ ಯೂಡೋರ ವೆಲ್ಟಿ ಎಂಬ ಲೇಖಕಿಯ ಹೆಸರನ್ನೇ ಅವನು ಅದಕ್ಕಿಟ್ಟನು. ಯಂತ್ರದ ಕೆಲಸ ಮಾಡುವವರಿಗೆ ಕಥೆ ಓದುವ ಹವ್ಯಾಸವಿಲ್ಲವೆಂದು ಯಾರು ಹೇಳಿಯಾರು?

ಬ್ರೌಸರಿನಲ್ಲೇ ಅಂಚೆ ಓದುವ ಏರ್ಪಾಡು ಜನಸಾಮಾನ್ಯರಿಗೆ ಪರಿಚಿತವಾದದ್ದು 1996ರ ಜುಲೈ 4ರಂದು ಹಾಟ್‌ಮೇಲ್ ಬಂದಮೇಲೆ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವನು; ಇನ್ನೊಬ್ಬನು ಜ್ಯಾಕ್ ಸ್ಮಿತ್. ಯಾವ ಊರಿಗೆ ಹೋದರೂ, ಯಾರ ಗಣಕದ ಮುಂದೆ ಕುಳಿತರೂ ಅಂಚೆ ಓದಬಹುದೆಂಬುದು ಆಗ ದೊಡ್ಡ ಸೌಕರ್ಯವೇ ಆಗಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ ಬಂದು, ಒಬ್ಬೊಬ್ಬರಿಗೂ ಒಂದು ಗಿಗಾಬೈಟ್ ಸ್ಥಳವನ್ನು ಉಚಿತವಾಗಿ ಕೊಡುವುದಾಗಿ ಸಾರಿದಾಗ ಮೂರ್ಖರ ದಿನದ ತಮಾಷೆಯೆಂದು ಭಾವಿಸಿದವರೂ ಇದ್ದರು. ಅಂದಿನಿಂದ ಕಾಗದಗಳನ್ನು ನಮ್ಮಲ್ಲಿ ಇಟ್ಟುಕೊಳ್ಳುವ ಅಭ್ಯಾಸ ತಪ್ಪುತ್ತ ಬಂತು.

ಇನ್ನು ಒಳಗಿನ ವ್ಯವಹಾರವನ್ನು ನೋಡೋಣ. ಅಂಚೆ ತಂತ್ರಾಂಶಕ್ಕೂ ಸರ್ವರಿಗೂ ನಡುವೆ ಮಾತುಕತೆ ನಡೆಯಬೇಕಾದರೆ ಇಬ್ಬರಿಗೂ ತಿಳಿದ ಒಂದು ಭಾಷೆ ಬೇಕಷ್ಟೆ. ಯಂತ್ರಗಳ ಇಂಥ ಭಾಷೆಗೆ ಶಿಷ್ಟಾಚಾರ ಎಂದು ಹೆಸರು. ಕಾಗದ ಕಳುಹಿಸುವುದಕ್ಕೆ ಒಂದು ಶಿಷ್ಟಾಚಾರ, ಬಂದ ಕಾಗದವನ್ನು ಪಡೆಯುವುದಕ್ಕೆ ಬೇರೊಂದು. ಊರಿನ ಅಂಚೆ ವ್ಯವಸ್ಥೆಯಲ್ಲೂ ಹೀಗೆಯೇ ಇದೆ: ಕೆಂಪು ಪೆಟ್ಟಿಗೆಗೆ ಕಾಗದ ಹಾಕಲು ನಾವು ಯಾರೆಂದು ಯಾರೂ ಕೇಳುವುದಿಲ್ಲ, ಆದರೆ ನೋಂದಾಯಿತ ಕಾಗದವನ್ನು ಪಡೆಯಬೇಕಾದರೆ ರುಜು ಹಾಕಬೇಕು.

ಕಳುಹಿಸುವ ಶಿಷ್ಟಾಚಾರಕ್ಕೆ ಎಸ್.ಎಂ.ಟಿ.ಪಿ. ಎಂದು ಹೆಸರು. ಜೋನಾಥನ್ ಪೋಸ್ಟೆಲ್ ಎಂಬ ವಿಜ್ಞಾನಿ 1982ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟನು. ಇದರ ಸಂಭಾಷಣೆ ಎಷ್ಟು ಸರಳವೆಂದರೆ ಒಂದು ನಾಟಕದ ದೃಶ್ಯವನ್ನು ಓದಿದಂತಿದೆ. ನಮ್ಮ ತಂತ್ರಾಂಶ ಮೊದಲು 'ಹೆಲೋ' ಎನ್ನುತ್ತದೆ. ಆಜ್ಞೆಗಳೆಲ್ಲ ನಾಲ್ಕೇ ಅಕ್ಷರಗಳಾಗಿರಬೇಕೆಂಬ ನಿಯಮಕ್ಕಾಗಿ ಇಂಗ್ಲಿಷಿನ ಆ ಪದದಿಂದ ಒಂದು 'ಎಲ್' ಅಕ್ಷರವನ್ನು ಕಿತ್ತುಹಾಕಿದ್ದಾರೆ! ಸರ್ವರ್ 250 ಎಂದು ಉತ್ತರಿಸುತ್ತದೆ. ಅದರ ಅರ್ಥ 'ಆಗಲಿ' ಎಂದು. ಕಾಗದ ಇಂಥವರಿಂದ ಎಂದರೆ ಮತ್ತೆ 250. ಇಂಥವರಿಗೆ ಎಂದರೆ ಮತ್ತೆ 250. 'ಒಕ್ಕಣೆ ಕೇಳು' ಎಂದರೆ 354, ಎಂದರೆ 'ಹೇಳು, ಮುಗಿದಾಗ ಒಂಟಿ ಚುಕ್ಕೆಯಿಡು.' ಒಂದು ಸಾಲಿನಲ್ಲಿ ಬರಿಯ ಚುಕ್ಕೆಯೊಂದನ್ನು ಇಟ್ಟರೆ ಕಾಗದ ಮುಗಿಯಿತು. ಕೊನೆಯ 250 ಬಂದ ಕ್ಷಣದಿಂದ ಕಾಗದವನ್ನು ತಲುಪಿಸುವ ಹೊಣೆ ಸರ್ವರಿನದು. ನಾವು ಗಣಕವನ್ನು ಆರಿಸಿ ಮಲಗಬಹುದು.

ಮೂಲ ಶಿಷ್ಟಾಚಾರದಲ್ಲಿ ಕಳುಹಿಸುವವನು ಯಾರೆಂಬ ವಿಚಾರಣೆಯೇ ಇರಲಿಲ್ಲ. ಪರಸ್ಪರ ಪರಿಚಿತರಾದ ಸಂಶೋಧಕರ ಜಾಲಕ್ಕೆ ಅದು ಸಾಕಾಗಿತ್ತು. ಠಕ್ಕರೂ ಜಾಹೀರಾತಿನವರೂ ಜಾಲಕ್ಕೆ ಬಂದಮೇಲೆ ಸಾಕಾಗಲಿಲ್ಲ. ಈಗ ಕೆಂಪು ಪೆಟ್ಟಿಗೆಗೂ ಕಾವಲುಗಾರನಿದ್ದಾನೆ. ಕಳುಹಿಸುವವನೂ ಗುರುತು ಹೇಳಬೇಕು.

ಬಂದ ಕಾಗದವನ್ನು ಪಡೆಯಲು ಇರುವ ಶಿಷ್ಟಾಚಾರಗಳು ಎರಡು: ಪಾಪ್ ಮತ್ತು ಐಮ್ಯಾಪ್. ತಂತ್ರಾಂಶ ಕೇಳುವ ಸಣ್ಣ ಪ್ರಶ್ನೆ ಇದೇ. ಇವೆರಡರಲ್ಲಿ ನಿಮಗೆ ಯಾವುದು ಬೇಕು?

ಪಾಪ್ ಎಂಬುದು 1984ರಲ್ಲಿ ಹುಟ್ಟಿತು. ಈಗ ಬಳಕೆಯಲ್ಲಿರುವ ಮೂರನೆಯ ಆವೃತ್ತಿಯ ಮೊದಲ ರೂಪ 1988ರದು. ಹೆಸರಿನ ಅರ್ಥವೇ ಅಂಚೆ ಕಚೇರಿಯ ಶಿಷ್ಟಾಚಾರವೆಂದು. ಅಂಚೆ ಕಚೇರಿಗೆ ಹೋಗಿ, ನಮ್ಮ ಹೆಸರಿಗೆ ಬಂದುದನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಅಲ್ಲಿನ ಗೂಡನ್ನು ಖಾಲಿಮಾಡಿ ಮನೆಗೆ ಬರುವುದು ಇದರ ಮೂಲ ಕ್ರಮ. ತಂತ್ರಾಂಶ ಹೆಸರನ್ನೂ ಗುಪ್ತಪದವನ್ನೂ ಹೇಳುತ್ತದೆ, ಎಷ್ಟು ಕಾಗದಗಳಿವೆಯೆಂದು ಕೇಳುತ್ತದೆ, ಒಂದೊಂದನ್ನೇ ತರಿಸಿಕೊಳ್ಳುತ್ತದೆ, ತರಿಸಿಕೊಂಡದ್ದನ್ನು ಅಳಿಸಲು ಹೇಳುತ್ತದೆ, ವಿದಾಯ ಹೇಳುತ್ತದೆ. ಇದರಲ್ಲಿ ಒಂದು ಜಾಣ್ಮೆಯಿದೆ. ಅಳಿಸು ಎಂದಾಗ ಸರ್ವರ್ ಕೂಡಲೇ ಅಳಿಸುವುದಿಲ್ಲ, ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ವಿದಾಯದ ಮಾತು ಬಂದಮೇಲೆಯೇ ನಿಜವಾಗಿ ಅಳಿಸುವುದು. ನಡುವೆ ವಿದ್ಯುತ್ತು ಹೋಗಿ ಸಂಪರ್ಕ ಕಡಿದರೆ ಒಂದು ಕಾಗದವೂ ಅಳಿಯದೆ ಹಿಂದಿದ್ದಂತೆಯೇ ಇರುತ್ತದೆ. ಆಗಾಗ ದೀಪ ಆರುವ ನಮ್ಮ ಊರುಗಳನ್ನು ಕಂಡು ಬರೆದಂತಿದೆ ಈ ನಿಯಮ.

ಇಂಥ ಏರ್ಪಾಡು ಏಕೆ ಬೇಕಾಯಿತೆಂದು ಇಂದಿನವರು ಆಶ್ಚರ್ಯಪಡಬಹುದು. ನಮ್ಮಲ್ಲಿ 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಂಸ್ಥೆ ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆದಾಗ ಅದು ಮನೆಗೆ ಬರುತ್ತಿದ್ದುದು ದೂರವಾಣಿಯ ತಂತಿಯಲ್ಲಿ. ಸಂಪರ್ಕದಲ್ಲಿದ್ದ ಅಷ್ಟೂ ಹೊತ್ತು ಕರೆಯ ಲೆಕ್ಕ ಏರುತ್ತಿತ್ತು. ಮನೆಯವರಿಗೆ ಬರುವ ಕರೆಗಳಿಗೆ ದಾರಿ ಮುಚ್ಚಿರುತ್ತಿತ್ತು. ಸಂಪರ್ಕ ಪಡೆ, ಕಾಗದ ತುಂಬಿಕೋ, ಸಂಪರ್ಕ ಕಡಿ, ಆಮೇಲೆ ನಿಧಾನವಾಗಿ ಓದು ಎಂಬ ಪಾಪ್‌ನ ಮಿತವ್ಯಯ ಆ ಕಾಲಕ್ಕೆ ತಕ್ಕುದಾಗಿತ್ತು. ಸರ್ವರಿನಲ್ಲಿಯೂ ಸ್ಥಳ ಕಡಮೆ. ಖಾಲಿಮಾಡದಿದ್ದರೆ ಹೊಸ ಕಾಗದಕ್ಕೆ ಎಡೆಯಿಲ್ಲ.

ಐಮ್ಯಾಪ್‌ನ ದೃಷ್ಟಿಯೇ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಇದನ್ನು ರೂಪಿಸಿದನು. ಒಬ್ಬನೇ ಮನುಷ್ಯ ಹಗಲು ಒಂದು ಗಣಕದಲ್ಲೂ ಸಂಜೆ ಮತ್ತೊಂದರಲ್ಲೂ ಕೆಲಸ ಮಾಡಿದರೆ ಅವನ ಕಾಗದಗಳು ಎರಡೂ ಕಡೆ ಹರಿದು ಹಂಚಿಹೋಗಬಾರದೆಂಬುದು ಅವನ ಚಿಂತೆ. ಆದುದರಿಂದ ಮೂಲಪ್ರತಿ ಸದಾ ಸರ್ವರಿನಲ್ಲಿಯೇ ಇರತಕ್ಕದ್ದು. ನಮ್ಮ ಗಣಕದಲ್ಲಿರುವುದು ಅದರ ನಕಲು ಮಾತ್ರ. ಪ್ರತಿಯೊಂದು ಕಾಗದಕ್ಕೂ ಸರ್ವರಿನಲ್ಲೇ ಗುರುತುಗಳುಂಟು: ಓದಿದೆ, ಉತ್ತರಿಸಿದೆ, ಮುಖ್ಯವಾದದ್ದು, ಕರಡು, ಅಳಿಸತಕ್ಕದ್ದು. ಬೆಳಗ್ಗೆ ಫೋನಿನಲ್ಲಿ ಓದಿದ ಕಾಗದ ಸಂಜೆ ಮೇಜಿನ ಗಣಕದಲ್ಲಿ 'ಓದಿದ್ದು' ಎಂದೇ ಕಾಣಿಸಿಕೊಳ್ಳುವುದು ಈ ಗುರುತುಗಳಿಂದ. 1997ರಲ್ಲಿ ಇನ್ನೊಂದು ಸೌಕರ್ಯ ಸೇರಿತು. ನಮ್ಮ ತಂತ್ರಾಂಶ ಪದೇ ಪದೇ ಹೋಗಿ 'ಕಾಗದ ಬಂತೇ?' ಎಂದು ಕೇಳದೆ, ಬಾಗಿಲಲ್ಲಿ ಸುಮ್ಮನೆ ಕುಳಿತಿರುತ್ತದೆ. ಹೊಸ ಕಾಗದ ಬಂದೊಡನೆ ಸರ್ವರೇ ಕೂಗಿ ಹೇಳುತ್ತದೆ. ಮೂವತ್ತು ನಿಮಿಷ ಮಾತಿಲ್ಲದಿದ್ದರೆ ಸರ್ವರ್ ಬಾಗಿಲು ಮುಚ್ಚಿಬಿಡಬಹುದಾದ್ದರಿಂದ, ಇಪ್ಪತ್ತೊಂಬತ್ತು ನಿಮಿಷಕ್ಕೊಮ್ಮೆಯಾದರೂ 'ಇನ್ನೂ ಇದ್ದೇನೆ' ಎನ್ನಬೇಕೆಂದು ನಿಯಮ ಬರೆದವರು ಸಲಹೆ ಕೊಟ್ಟಿದ್ದಾರೆ!

ಈಗ ನನ್ನ ಕಥೆ. ಬಹಳ ವರ್ಷಗಳ ಹಿಂದಿನ ಮಾತು. ಜಾಲಪುಟದಲ್ಲಿ ಓದುತ್ತಿದ್ದ ನನ್ನ ಅಂಚೆಯನ್ನು ಹೊಸದಾಗಿ ಕೊಂಡ ಗಣಕಕ್ಕೆ ಜೋಡಿಸಲು ಕುಳಿತೆ. ಪ್ರಶ್ನೆ ಬಂತು, ಪಟ್ಟಿಯಲ್ಲಿ ಮೊದಲು ಕಂಡದ್ದು ಪಾಪ್, ಒತ್ತಿದೆ. 'ಸರ್ವರಿನಲ್ಲಿ ಪ್ರತಿಯನ್ನು ಉಳಿಸು' ಎಂಬ ಸಾಲಿನ ಮುಂದಿನ ಚೌಕ ಖಾಲಿಯಿತ್ತು, ಖಾಲಿಯಾಗಿಯೇ ಬಿಟ್ಟೆ. ಕಾಗದಗಳು ಒಂದೊಂದಾಗಿ ಇಳಿದುಬರುವುದನ್ನು ನೋಡುತ್ತ ಸಂತೋಷಪಟ್ಟದ್ದು ನೆನಪಿದೆ. ಕೆಲವು ದಿನಗಳ ಮೇಲೆ ಬೇರೆಡೆಯಲ್ಲಿ ಜಾಲಪುಟ ತೆರೆದಾಗ ಅಂಚೆಯ ಪೆಟ್ಟಿಗೆ ಬರಿದಾಗಿತ್ತು. ಕಾಗದಗಳು ಮನೆಯಲ್ಲಿವೆಯಲ್ಲ ಎಂದು ಸುಮ್ಮನಾದೆ. ಎಂಟು ತಿಂಗಳು ಕಳೆಯುವುದರೊಳಗೆ ಗಣಕದ ಹಾರ್ಡ್‌ಡಿಸ್ಕ್ ಕಟಕಟನೆ ಸದ್ದು ಮಾಡಿ ನಿಂತಿತು. ರಿಪೇರಿಯವರು ಕೈಚೆಲ್ಲಿದರು. ನನಗೆ ಗಣಿತ ಕಲಿಸಿದ ಗುರುಗಳು ನಿವೃತ್ತರಾದಮೇಲೆ ಮಿಂಚಂಚೆ ಬರೆಯಲು ಕಲಿತು, ನಾಲ್ಕು ವರ್ಷ ನನಗೆ ಕಾಗದ ಬರೆದಿದ್ದರು. ಅವರು ತೀರಿಕೊಂಡು ಆಗ ಆರು ತಿಂಗಳಾಗಿತ್ತು.

ತಪ್ಪು ಪಾಪ್‌ನದಲ್ಲ. ಅದು ಹೇಳಿದ್ದನ್ನೇ ಮಾಡಿತು. ಮೂಲಪ್ರತಿಯೇ ನನ್ನ ಮನೆಗೆ ಬಂತೆಂಬುದು ನನಗೆ ತಿಳಿಯಲಿಲ್ಲ. ನಕಲು ಬಂದಿದೆಯೆಂದು ನಂಬಿದ್ದೆ.

ಈಗ ಜಿಮೇಲ್ ಖಾತೆಯೊಂದನ್ನು ಥಂಡರ್‌ಬರ್ಡ್‌ಗೆ ಜೋಡಿಸುವ ಕ್ರಮವನ್ನು ನೋಡೋಣ. ಇತರ ಖಾತೆಗಳಿಗೂ ತಂತ್ರಾಂಶಗಳಿಗೂ ಕ್ರಮ ಬಹುಮಟ್ಟಿಗೆ ಇದೇ. ಥಂಡರ್‌ಬರ್ಡ್‌ನ ಮೊದಲ ಆವೃತ್ತಿ 2004ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಅದು ಉಚಿತ, ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು. ಅದನ್ನು ಮೊದಲ ಬಾರಿ ತೆರೆದಾಗ ನಿಮ್ಮ ಹೆಸರನ್ನೂ ಅಂಚೆಯ ವಿಳಾಸವನ್ನೂ ಕೇಳುತ್ತದೆ. ಇಲ್ಲಿ ಬರೆಯುವ ಹೆಸರು ನೀವು ಕಾಗದ ಬರೆದವರಿಗೆಲ್ಲ ಕಾಣುವಂಥದು. ಕನ್ನಡದಲ್ಲಿಯೇ ಬರೆದರೂ ಸರಿಯೆ. ವಿಳಾಸವನ್ನು ಕೊಟ್ಟೊಡನೆ ತಂತ್ರಾಂಶ ಅದರಲ್ಲಿ ಸುರುಳಿ ಚಿಹ್ನೆಯ ಬಲಗಡೆಯ ಭಾಗವನ್ನು ನೋಡಿ, ಆ ಅಂಚೆಸಂಸ್ಥೆಯ ಸರ್ವರುಗಳು ಯಾವುವೆಂದು ಒಂದು ದೊಡ್ಡ ಪಟ್ಟಿಯಲ್ಲಿ ಹುಡುಕುತ್ತದೆ. ಜಿಮೇಲ್‌ನಂಥ ಪ್ರಸಿದ್ಧ ಖಾತೆಯಾದರೆ ವಿವರಗಳೆಲ್ಲ ತಾವಾಗಿಯೇ ತುಂಬಿಕೊಳ್ಳುತ್ತವೆ. ಪಟ್ಟಿಯಲ್ಲಿಲ್ಲದ ಕಾಲೇಜು ಖಾತೆಯೊ ಕಚೇರಿಯ ಖಾತೆಯೊ ಆದರೆ ಕೈಯಿಂದ ತುಂಬಬೇಕಾದೀತು. ಆಗ ಬೇಕಾಗುವುದು ಸರ್ವರಿನ ಹೆಸರು, ಬಾಗಿಲಿನ ಸಂಖ್ಯೆ, ಭದ್ರತೆಯ ಬಗೆ ಇವು ಮೂರು.

ಜಿಮೇಲ್‌ನ ವಿಷಯದಲ್ಲಿ ಕಾಗದ ಪಡೆಯುವ ಸರ್ವರಿನ ಹೆಸರು 'ಐಮ್ಯಾಪ್, ಚುಕ್ಕೆ, ಜಿಮೇಲ್, ಚುಕ್ಕೆ, ಕಾಮ್' ಎಂದು, ಬಾಗಿಲು 993. ಕಳುಹಿಸುವ ಸರ್ವರಿಗೆ ಮೊದಲ ಪದವಾಗಿ 'ಎಸ್‌ಎಂಟಿಪಿ' ಎಂದಿರುತ್ತದೆ. ಬಾಗಿಲು 465 ಅಥವಾ 587. ಈ ಬಾಗಿಲುಗಳೇನು? ಒಂದೇ ಸರ್ವರ್ ಏಕಕಾಲದಲ್ಲಿ ಹಲವು ಬಗೆಯ ಕೆಲಸ ಮಾಡಬಲ್ಲುದು. ಯಾವ ಕೆಲಸಕ್ಕೆ ಬಂದಿದ್ದೇವೆಂಬುದನ್ನು ತಿಳಿಸಲು 65,535ರವರೆಗೆ ಸಂಖ್ಯೆಗಳಿವೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಒಂದು ಕಿಟಕಿ, ಜಾತಿ ಪ್ರಮಾಣಪತ್ರಕ್ಕೆ ಒಂದು ಕಿಟಕಿ ಇರುವಂತೆ. ಹಿಂದೆ ಐಮ್ಯಾಪ್‌ಗೆ 143, ಪಾಪ್‌ಗೆ 110 ಇದ್ದವು. ಅಲ್ಲಿ ನಡೆಯುವ ಮಾತುಕತೆಯೆಲ್ಲ, ಗುಪ್ತಪದವೂ ಸೇರಿ, ತೆರೆದ ಅಂಚೆಕಾರ್ಡಿನಂತೆ ದಾರಿಯಲ್ಲಿ ಯಾರು ಬೇಕಾದರೂ ಓದುವಂತೆ ಹೋಗುತ್ತಿತ್ತು. 993 ಮತ್ತು 995 ಅವುಗಳ ಭದ್ರವಾದ ಜೋಡಿಗಳು. ಅಲ್ಲಿ ಮೊದಲ ಅಕ್ಷರದಿಂದಲೇ ಎಲ್ಲವೂ ಗೂಢಲಿಪಿಯಲ್ಲಿ ಸಾಗುತ್ತದೆ. 465ರದು ವಿಚಿತ್ರ ಚರಿತ್ರೆ: 1990ರ ದಶಕದಲ್ಲಿ ಅದನ್ನು ಗೊತ್ತುಮಾಡಿ, ಸ್ವಲ್ಪ ಕಾಲದಲ್ಲೇ ಹಿಂತೆಗೆದುಕೊಂಡರು; ಜನ ಮಾತ್ರ ಬಿಡದೆ ಬಳಸುತ್ತ ಬಂದರು; ಕೊನೆಗೆ 2018ರಲ್ಲಿ ಜಾಲದ ನಿಯಮಕಾರರೇ ಅದನ್ನು ಮರಳಿ ಅಂಗೀಕರಿಸಬೇಕಾಯಿತು.

ಆಮೇಲೆ ಗುಪ್ತಪದದ ಮಾತು. ಜಾಲಪುಟದಲ್ಲಿ ಬಳಸುವ ಗುಪ್ತಪದವನ್ನೇ ತಂತ್ರಾಂಶಕ್ಕೂ ಕೊಡುವುದು ಹಿಂದಿನ ಪದ್ಧತಿ. ಗೂಗಲ್ ಸಂಸ್ಥೆ ವೈಯಕ್ತಿಕ ಖಾತೆಗಳಿಗೆ ಇದನ್ನು 2022ರ ಮೇ 30ರಿಂದ ನಿಲ್ಲಿಸಿತು. ಹಳೆಯ ಪುಸ್ತಕಗಳ ಸೂಚನೆಯಂತೆ ನಡೆದವರಿಗೆ 'ಗುಪ್ತಪದ ತಪ್ಪು' ಎಂಬ ಉತ್ತರ ಬರುವುದು ಇದರಿಂದ. ಗುಪ್ತಪದ ಸರಿಯಾಗಿಯೇ ಇರುತ್ತದೆ! ಈಗಿನ ಕ್ರಮದಲ್ಲಿ ಥಂಡರ್‌ಬರ್ಡ್ ಒಂದು ಚಿಕ್ಕ ಕಿಟಕಿಯನ್ನು ತೆರೆಯುತ್ತದೆ. ಅದರಲ್ಲಿ ಬರುವುದು ಗೂಗಲ್‌ನ ಸ್ವಂತ ಪುಟ. ಗುಪ್ತಪದವನ್ನು ನಾವು ಅಲ್ಲಿ ಗೂಗಲ್‌ಗೇ ಹೇಳಿ, 'ಈ ತಂತ್ರಾಂಶ ನನ್ನ ಅಂಚೆಯನ್ನು ನೋಡಬಹುದು' ಎಂದು ಒಪ್ಪಿಗೆ ಕೊಡುತ್ತೇವೆ. ಗೂಗಲ್ ಆಗ ತಂತ್ರಾಂಶಕ್ಕೆ ಒಂದು ರಹದಾರಿ ಚೀಟಿಯನ್ನು ಕೊಡುತ್ತದೆ. ಮನೆಯ ಬೀಗದ ಕೈಯನ್ನು ತೋಟದವನಿಗೆ ಕೊಡದೆ ತೋಟದ ಗೇಟಿನ ಕೈಯನ್ನಷ್ಟೇ ಕೊಟ್ಟ ಹಾಗೆ. ಬೇಡವಾದ ದಿನ ಆ ಚೀಟಿಯೊಂದನ್ನು ರದ್ದುಮಾಡಬಹುದು, ಗುಪ್ತಪದವನ್ನು ಬದಲಿಸಬೇಕಾಗಿಲ್ಲ. ಈ ಚೀಟಿಯ ಪದ್ಧತಿಯನ್ನು ಅರಿಯದ ಹಳೆಯ ತಂತ್ರಾಂಶಗಳಿಗಾಗಿ ಹದಿನಾರು ಅಕ್ಷರಗಳ ಪ್ರತ್ಯೇಕ ಗುಪ್ತಪದವನ್ನು ಪಡೆಯುವ ಸೌಲಭ್ಯವೂ ಇದೆ. ಆದರೆ ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಮೊದಲೇ ಅಳವಡಿಸಿರಬೇಕು.

ಒಂದು ಎಚ್ಚರಿಕೆ: ಕಾಲೇಜಿನ ಪ್ರಯೋಗಾಲಯದಲ್ಲಿ ಹತ್ತು ಮಂದಿ ಬಳಸುವ ಗಣಕಕ್ಕೆ ನಿಮ್ಮ ಖಾತೆಯನ್ನು ಹೀಗೆ ಜೋಡಿಸಬೇಡಿ. ಜಾಲಪುಟದಿಂದ ಹೊರಬರುವುದು ಸುಲಭ. ತಂತ್ರಾಂಶದಲ್ಲಿ ಜೋಡಿಸಿದ ಖಾತೆ ನೀವು ಎದ್ದುಹೋದಮೇಲೂ ತೆರೆದೇ ಇರುತ್ತದೆ.

ಇಷ್ಟಾದಮೇಲೆ ಕಾಗದಗಳು ಬರತೊಡಗುತ್ತವೆ. ಹಲವು ವರ್ಷಗಳ ಖಾತೆಯಾದರೆ ಮೊದಲ ಸಲ ಗಂಟೆಗಟ್ಟಲೆ ಹಿಡಿಯಬಹುದು, ಅವಸರಪಟ್ಟು ನಿಲ್ಲಿಸಬಾರದು. ಜಿಮೇಲ್‌ನಲ್ಲಿ ಒಂದು ತೊಡಕುಂಟು. ಅದು ಕಾಗದಗಳನ್ನು ಬೇರೆ ಬೇರೆ ಕೋಶಗಳಲ್ಲಿ ಇಡದೆ, ಒಂದೇ ರಾಶಿಯಲ್ಲಿಟ್ಟು ಚೀಟಿ ಅಂಟಿಸುತ್ತದೆ. ಐಮ್ಯಾಪ್‌ಗೆ ಗೊತ್ತಿರುವುದು ಕೋಶಗಳು ಮಾತ್ರ. ಹಾಗಾಗಿ ಎರಡು ಚೀಟಿಗಳಿರುವ ಒಂದೇ ಕಾಗದ ತಂತ್ರಾಂಶದಲ್ಲಿ ಎರಡು ಕೋಶಗಳಲ್ಲಿಯೂ, 'ಎಲ್ಲ ಅಂಚೆ' ಎಂಬ ಕೋಶದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಹೆಚ್ಚಿನದೆಂದು ಎಣಿಸಿ ಎಲ್ಲವನ್ನೂ ಅಳಿಸಹೊರಟವರುಂಟು.

ಕಾಗದ ಕೈಗೆ ಬಂದಮೇಲೆ ಅದರ ಮೂಲರೂಪವನ್ನು ನೋಡುವ ಅವಕಾಶ ತಂತ್ರಾಂಶದಲ್ಲಿದೆ. ವಿಜ್ಞಾನದ ವಿದ್ಯಾರ್ಥಿಗಳು ಒಮ್ಮೆ ನೋಡಲೇಬೇಕು. ಅಂಚೆಯ ಶಿಷ್ಟಾಚಾರಗಳು ಹುಟ್ಟಿದಾಗ ಅವುಗಳಿಗೆ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಮಾತ್ರ ಗೊತ್ತಿದ್ದವು. 1992ರಲ್ಲಿ ಬೋರನ್‌ಸ್ಟೈನ್ ಮತ್ತು ಫ್ರೀಡ್ ಎಂಬಿಬ್ಬರು ಮೈಮ್ ಎಂಬ ನಿಯಮಾವಳಿಯನ್ನು ಬರೆದು, ಚಿತ್ರ, ಧ್ವನಿ, ಪರಭಾಷೆಯ ಲಿಪಿ ಎಲ್ಲವನ್ನೂ ಆ ಅಕ್ಷರಗಳ ವೇಷದಲ್ಲಿಯೇ ಸಾಗಿಸುವ ಉಪಾಯ ಕಂಡುಹಿಡಿದರು. ಅವುಗಳಲ್ಲೊಂದು ಪದ್ಧತಿಯಲ್ಲಿ ಮೂರು ಬೈಟುಗಳು ನಾಲ್ಕು ಅಕ್ಷರಗಳಾಗುತ್ತವೆ. ಲಗತ್ತಿಸಿದ ಚಿತ್ರದ ತೂಕ ದಾರಿಯಲ್ಲಿ ಮೂರರಲ್ಲೊಂದು ಪಾಲು ಹೆಚ್ಚುವುದು ಇದಕ್ಕಾಗಿ. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಸರಿಯಾಗಿ ಮೂರು ಬೈಟು ಬೇಕು. ಆದ್ದರಿಂದ ನಮ್ಮ 'ಕ' ಅಕ್ಷರ ಅಂಚೆಯಲ್ಲಿ '4, ಎಲ್, ಕೆ, ವಿ' ಎಂಬ ನಾಲ್ಕು ಅಕ್ಷರಗಳಾಗಿ ಪ್ರಯಾಣ ಮಾಡುತ್ತದೆ. ಕನ್ನಡ ಪದವೊಂದು ಮೊದಲಲ್ಲೇ ಬಂದರೆ, ಮೂಲರೂಪದಲ್ಲಿ '4, ಎಲ್, ಕೆ' ಅಥವಾ '4, ಎಲ್, ಓ' ಎಂಬ ಗುಂಪು ಆ ಪದ ಮುಗಿಯುವವರೆಗೂ ತಾಳ ಹಾಕಿದಂತೆ ಮರಳಿ ಮರಳಿ ಬರುತ್ತದೆ. ಇದನ್ನು ಕಂಡುಹಿಡಿದ ದಿನ ನಾನು ಅರ್ಧ ಗಂಟೆ ಬೇರೆ ಕೆಲಸವನ್ನೇ ಮಾಡಲಿಲ್ಲ.

ಐಮ್ಯಾಪ್ ಆರಿಸಿದೆವು, ಇನ್ನು ಭಯವಿಲ್ಲ ಎನ್ನುವವರಿಗೆ ಒಂದು ಮಾತು ಹೇಳಬೇಕು. ಹಾರ್ಡ್‌ಡಿಸ್ಕ್ ಕೆಟ್ಟರೆ ಐಮ್ಯಾಪ್ ಕಾಪಾಡುತ್ತದೆ, ಮೂಲಪ್ರತಿ ಸರ್ವರಿನಲ್ಲಿರುವುದರಿಂದ. ಆದರೆ ಗಣಕವೂ ಸರ್ವರೂ ಒಂದೇ ಸ್ಥಿತಿಯಲ್ಲಿರಬೇಕೆಂಬುದೇ ಅದರ ಧರ್ಮ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅಲ್ಲಿ ಅಳಿದದ್ದು ಇಲ್ಲಿಯೂ. 'ಮೇಜಿನ ಗಣಕದಲ್ಲಿ ಮಾತ್ರ ಅಳಿಸಿ ಜಾಗ ಮಾಡಿಕೊಳ್ಳುತ್ತೇನೆ' ಎಂದು ಹೊರಟವನು ಎರಡೂ ಕಡೆ ಕಳೆದುಕೊಳ್ಳುತ್ತಾನೆ. ಜಿಮೇಲ್‌ನ ಕಸದಬುಟ್ಟಿ ಮೂವತ್ತು ದಿನ ಕಾಯುತ್ತದೆ, ಆಮೇಲೆ ಇಲ್ಲ. ಸರ್ವರಿನ ಒಡೆಯರ ನಿಯಮಗಳೂ ಬದಲಾಗುತ್ತವೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರ ಮೇ ತಿಂಗಳಲ್ಲಿ ಸಾರಿತು. ಆ ವರ್ಷದ ಡಿಸೆಂಬರಿನಿಂದ ಅದು ಜಾರಿಗೆ ಬಂತು. ತೀರಿಹೋದ ತಂದೆಯ ಖಾತೆಯಲ್ಲಿ ಕಾಗದಗಳಿವೆಯೆಂದು ನಂಬಿಕೊಂಡಿರುವ ಮನೆಗಳಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು.

ಉಳಿಸಲೇಬೇಕಾದ ಕಾಗದಗಳಿಗೆ ಥಂಡರ್‌ಬರ್ಡ್‌ನಲ್ಲಿ 'ಸ್ಥಳೀಯ ಕೋಶ' ಎಂಬ ಬೇರೆಯ ಜಾಗವಿದೆ. ಅಲ್ಲಿಗೆ ನಕಲು ಮಾಡಿದ ಕಾಗದಕ್ಕೂ ಸರ್ವರಿಗೂ ಸಂಬಂಧ ತಪ್ಪುತ್ತದೆ. ಅಲ್ಲಿ ಏನೇ ಆದರೂ ಇದು ಹಾಗೆಯೇ ಉಳಿಯುತ್ತದೆ. ಸಾಮಾನ್ಯವಾಗಿ ಒಂದು ಕೋಶದ ಕಾಗದಗಳೆಲ್ಲ ಒಂದೇ ಕಡತದಲ್ಲಿ, ಒಂದರ ಕೆಳಗೊಂದು, ಬರಿಯ ಅಕ್ಷರಗಳಾಗಿ ಕೂಡಿರುತ್ತವೆ. ಯೂನಿಕ್ಸ್ ಗಣಕಗಳ ಕಾಲದಿಂದ ನಡೆದುಬಂದ ಈ ಕ್ರಮವನ್ನು ನಾಳೆ ಥಂಡರ್‌ಬರ್ಡ್ ಇಲ್ಲವಾದರೂ ಮತ್ತೊಂದು ತಂತ್ರಾಂಶ ಓದಬಲ್ಲುದು. ಆ ಕಡತದ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಬೇಕು. ನಕಲು ಎನ್ನುವುದಕ್ಕೂ ಸ್ಥಳಾಂತರ ಎನ್ನುವುದಕ್ಕೂ ಪಟ್ಟಿಯಲ್ಲಿ ಒಂದೇ ಸಾಲಿನ ಅಂತರವಿರುವುದರಿಂದ, ಒತ್ತುವ ಮೊದಲು ಒಮ್ಮೆ ಓದಿಕೊಳ್ಳಿ.

ಎಲ್ಲವೂ ಸರಿಯಾಗಿ ಜೋಡಣೆಯಾಗಿದೆಯೇ ಎಂಬುದನ್ನು ಪರೀಕ್ಷಿಸುವುದು ಹೀಗೆ. ನಿಮಗೆ ನೀವೇ ಒಂದು ಕಾಗದ ಬರೆದು ಕಳುಹಿಸಿ. ಅದು ಬಂದಮೇಲೆ ಜಾಲದ ಸಂಪರ್ಕವನ್ನು ಕಡಿದು, ಎರಡು ವರ್ಷ ಹಿಂದಿನ ಯಾವುದಾದರೂ ಕಾಗದವನ್ನು ತೆರೆಯಿರಿ. ತೆರೆದರೆ ಅದು ನಿಮ್ಮ ಗಣಕದಲ್ಲಿ ನಿಜವಾಗಿಯೂ ಇದೆ. ಆಮೇಲೆ ಸಂಪರ್ಕ ಕೊಟ್ಟು, ಜಾಲಪುಟದಲ್ಲಿಯೂ ಅದು ಇದೆಯೇ ನೋಡಿ. ಎರಡು ಕಡೆಯೂ ಇರಬೇಕು.

ನನ್ನ ಗುರುಗಳ ಕಾಗದಗಳ ಕಥೆ ಪೂರ್ತಿಯಾಗಲಿಲ್ಲ. ಪಾಪ್‌ಗೆ ಕೋಶಗಳ ವಿಚಾರ ತಿಳಿಯದು. ಅದು ಕಾಣುವುದು ಬಂದ ಅಂಚೆಯ ಪೆಟ್ಟಿಗೆಯೊಂದನ್ನೇ. ಖಾತೆ ತೆರೆದ ಮೊದಲ ವರ್ಷದ ಉತ್ಸಾಹದಲ್ಲಿ ನಾನು ಜಾಲಪುಟದಲ್ಲಿ 'ಮೇಷ್ಟರು' ಎಂಬ ಕೋಶವೊಂದನ್ನು ಮಾಡಿ, ಅವರ ಕೆಲವು ಕಾಗದಗಳನ್ನು ಅಲ್ಲಿಗೆ ಸರಿಸಿ, ಆಮೇಲೆ ಸೋಮಾರಿತನದಿಂದ ನಿಲ್ಲಿಸಿದ್ದೆ. ಡಿಸ್ಕ್ ಕೆಟ್ಟು ಒಂದು ವಾರವಾದಮೇಲೆ ಜಾಲಪುಟದ ಎಡಗಡೆಯ ಪಟ್ಟಿಯಲ್ಲಿ ಆ ಹೆಸರು ಕಣ್ಣಿಗೆ ಬಿತ್ತು. ತಂತ್ರಾಂಶ ಅದರ ಬಳಿಗೆ ಹೋಗಿಯೇ ಇರಲಿಲ್ಲ. ಒಳಗೆ ಹನ್ನೊಂದು ಕಾಗದಗಳಿದ್ದವು. ಒಂದರಲ್ಲಿ ವೃತ್ತದೊಳಗಿನ ಚತುರ್ಭುಜದ ಲೆಕ್ಕವೊಂದನ್ನು ಕೊಟ್ಟು, ಉತ್ತರವನ್ನು ಮುಂದಿನ ಕಾಗದದಲ್ಲಿ ಬರೆಯುವುದಾಗಿ ಹೇಳಿದ್ದರು. ಮುಂದಿನ ಕಾಗದ ಆ ಹನ್ನೊಂದರಲ್ಲಿಲ್ಲ. ಲೆಕ್ಕವನ್ನು ನಾನೇ ಮಾಡಿದೆ. ಆ ಹನ್ನೊಂದೂ ಈಗ ಮೂರು ಕಡೆ ಇವೆ.